ಸರಕು ವಾಹನಗಳ ಹೈಡ್ರಾಲಿಕ್ ಬ್ರೇಕ್ ಭಾಗಗಳನ್ನು ಬದಲಾಯಿಸಿದ ನಂತರ ಏರ್ ತೆಗೆಯುವ ಕ್ರಮ: ಅರ್ಹತಾ ಪತ್ರದ ಅರ್ಜಿದಾರರಿಗೆ ಮಾಹಿತಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸರಕು ವಾಹನ ಮಾಲೀಕರು ಹಾಗೂ ಚಾಲಕರ ಗಮನಕ್ಕೆ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಜನಬಳಕೆಯಲ್ಲಿ ಎಫ್.ಸಿ. ಎಂದು ಕರೆಯಲಾಗುವ ವಾಹನ ಅರ್ಹತಾ ಪತ್ರದ ನವೀಕರಣಕ್ಕೆ ತಪಾಸಣೆಗೆ ಹಾಜರಾಗುವ ಲಘು ಹಾಗೂ ಮಧ್ಯಮ ಸರಕು ವಾಹನಗಳಲ್ಲಿ ಬ್ರೇಕಿನ ದೋಷದಿಂದ ಹಿಂದಿರುಗಬೇಕಾಗುವ ವಾಹನಗಳಿವೆ. ಇವುಗಳಲ್ಲಿ ಎಲ್ಲವೂ ರಿಪೇರಿ ಮಾಡಿಸದೆ ಬಂದ ವಾಹನಗಳಲ್ಲ. ತಪಾಸಣೆಗೆಂದೇ ಹಿಂದಿನ ದಿನ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಅಥವಾ ಹೋಸ್ ಪೈಪ್ ಬದಲಾಯಿಸಿಕೊಂಡು, ಒಳಗೆ ಸೇರಿದ ಗಾಳಿಯನ್ನು ಪೂರ್ತಿಯಾಗಿ ಹೊರತೆಗೆಯದೆ ಬಂದ ವಾಹನಗಳೂ ಅವುಗಳಲ್ಲಿ ಸೇರಿರುತ್ತವೆ. ಹಣ ಖರ್ಚಾಗಿ, ಭಾಗವೂ ಹೊಸದಾಗಿ, ಬ್ರೇಕ್ ಮಾತ್ರ ಮೊದಲಿಗಿಂತ ಕೆಟ್ಟದಾಗಿರುವ ಈ ಸ್ಥಿತಿಯನ್ನು ತಪ್ಪಿಸುವುದು ಈ ಲೇಖನದ ಉದ್ದೇಶವಾಗಿದೆ.

ಅರ್ಹತಾ ಪತ್ರದ ಬಗ್ಗೆ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 56ರ ಮೇರೆಗೆ, ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಸಿಂಧುವಾಗಿ ನೋಂದಣಿಯಾದ ವಾಹನವೆಂದು ಭಾವಿಸತಕ್ಕದ್ದಲ್ಲ. ಅಂದರೆ ನೋಂದಣಿ ಪತ್ರ ಕೈಯಲ್ಲಿದ್ದರೂ ವಾಹನವು ರಸ್ತೆಯಲ್ಲಿ ಸಂಚರಿಸಲು ಹಕ್ಕು ಹೊಂದಿರುವುದಿಲ್ಲ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 62ರಂತೆ, ಎಂಟು ವರ್ಷಗಳವರೆಗಿನ ವಾಹನಗಳಿಗೆ ಎರಡು ವರ್ಷಗಳಿಗೊಮ್ಮೆ, ಎಂಟು ವರ್ಷ ದಾಟಿದ ವಾಹನಗಳಿಗೆ ಪ್ರತಿ ವರ್ಷ ನವೀಕರಣ ಆಗತಕ್ಕದ್ದು. ಬ್ರೇಕುಗಳು ಹೇಗಿರಬೇಕೆಂಬುದನ್ನು ಅದೇ ನಿಯಮಗಳ ನಿಯಮ 96 ವಿಧಿಸುತ್ತದೆ. ಕೋಲಾರದ ನೋಂದಣಿ ಸಂಕೇತ ಕೆಎ-07, ಕೆ.ಜಿ.ಎಫ್.ನದು ಕೆಎ-08. ಆದರೆ ವಾಹನವು ಯಾವ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ ಎಂಬುದನ್ನು ಅರ್ಜಿದಾರರು ನಂಬರ್ ಪ್ಲೇಟಿನಿಂದ ಊಹಿಸದೆ ನೋಂದಣಿ ಪತ್ರದ ನಮೂದಿನಿಂದಲೇ ತಿಳಿದುಕೊಳ್ಳುವುದು.

ಈ ಜಿಲ್ಲೆಯಲ್ಲಿ ಬ್ರೇಕಿನ ವಿಷಯ ಏಕೆ ಮುಖ್ಯ

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯಿಂದ ಟೊಮೆಟೊ, ಶ್ರೀನಿವಾಸಪುರದಿಂದ ಮಾವು, ಮಾಲೂರಿನಿಂದ ಇಟ್ಟಿಗೆ ಮತ್ತು ಹೆಂಚು, ಇವೆಲ್ಲವೂ ಬಹುಮಟ್ಟಿಗೆ ಸಣ್ಣ ಹಾಗೂ ಮಧ್ಯಮ ಗಾತ್ರದ ವಾಹನಗಳಲ್ಲಿಯೇ ಸಾಗುತ್ತವೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎಂದು ಕರೆಯಲಾಗುತ್ತಿದ್ದ ರಸ್ತೆಯಲ್ಲಿ ಮುಳಬಾಗಿಲು, ನಂಗಲಿ ದಾಟಿ ಪಲಮನೇರು ಕಡೆಗೆ ಹೋಗುವ ವಾಹನಗಳು ಅನೇಕ. ಕೋಲಾರ ಪಟ್ಟಣವು ಸಮುದ್ರ ಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಚಿತ್ತೂರು ಸುಮಾರು 300 ಮೀಟರ್ ಎತ್ತರದಲ್ಲಿದೆ. ಈ ಇಳಿತದ ದೊಡ್ಡ ಭಾಗವು ಪಲಮನೇರು ಕಳೆದ ಮೇಲೆ ಮೊಗಿಲಿ ಘಾಟಿಯ ಸುತ್ತಮುತ್ತ ಬರುತ್ತದೆ. ಮಾವಿನ ಕ್ರೇಟುಗಳನ್ನು ತುಂಬಿಕೊಂಡು ಆ ಇಳಿಜಾರಿನಲ್ಲಿ ಇಳಿಯುವ ವಾಹನದ ಬ್ರೇಕು, ಕೋಲಾರದ ಸಮತಟ್ಟು ರಸ್ತೆಯಲ್ಲಿ ಖಾಲಿಯಾಗಿ ಓಡಿಸಿ ನೋಡಿದಾಗ ಚೆನ್ನಾಗಿಯೇ ಇದ್ದಿರಬಹುದು. ದೋಷ ಹೊರಬೀಳುವುದು ಭಾರ ಮತ್ತು ಬಿಸಿ ಎರಡೂ ಸೇರಿದಾಗ.

ಗಾಳಿ ಸೇರಿದರೆ ಏನಾಗುತ್ತದೆ

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ಪೈಪುಗಳ ಮೂಲಕ ಚಕ್ರಗಳ ಕಡೆಗೆ ತಳ್ಳುತ್ತದೆ. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಆದ್ದರಿಂದ ಕಾಲಿನ ಬಲ ಹಾಗೆಯೇ ವೀಲ್ ಸಿಲಿಂಡರಿಗೆ ತಲುಪಿ, ಬ್ರೇಕ್ ಶೂಗಳು ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಗಾಳಿಯಾದರೋ ಕುಗ್ಗುತ್ತದೆ. ಪೈಪಿನೊಳಗೆ ಸ್ವಲ್ಪ ಗಾಳಿ ಇದ್ದರೂ ಪೆಡಲಿನ ಚಲನೆಯಲ್ಲಿ ಒಂದು ಭಾಗವು ಆ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಶೂಗಳಿಗೆ ತಲುಪಬೇಕಾದ ಒತ್ತಡ ತಲುಪುವುದಿಲ್ಲ. ಚಾಲಕರ ಕಾಲಿಗೆ ಪೆಡಲ್ ಮೆತ್ತಗೆ, ಸ್ಪಂಜಿನ ಮೇಲೆ ಕಾಲಿಟ್ಟಂತೆ ತೋರುತ್ತದೆ. ಎರಡು ಮೂರು ಬಾರಿ ಬೇಗ ಬೇಗ ಒತ್ತಿದರೆ ಪೆಡಲ್ ಮೇಲೆ ಬಂದು ಗಟ್ಟಿಯಾಗುತ್ತದೆ.

ಇದನ್ನೇ ನೆಚ್ಚಿಕೊಂಡು, ಪೆಡಲನ್ನು ಪಂಪ್ ಮಾಡಿ ಗಟ್ಟಿ ಮಾಡಿಟ್ಟುಕೊಂಡು ತಪಾಸಣೆಗೆ ನಿಲ್ಲುವವರಿದ್ದಾರೆ. ನಿರೀಕ್ಷಕರು ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಒತ್ತಲು ಹೇಳಿದರೆ ವಿಷಯ ತಿಳಿಯುತ್ತದೆ. ಎದುರಿಗೆ ಮಗು ಓಡಿಬಂದಾಗ ಮೂರು ಬಾರಿ ಪಂಪ್ ಮಾಡುವಷ್ಟು ಸಮಯ ಯಾವ ಚಾಲಕರಿಗೂ ಸಿಗುವುದಿಲ್ಲ.

ಹೈಡ್ರಾಲಿಕ್ ಪೈಪಿನ ಯಾವುದೇ ಜೋಡಣೆಯನ್ನು ಬಿಚ್ಚಿದರೂ ಗಾಳಿ ಸೇರುತ್ತದೆಯೆಂದೇ ತಿಳಿಯತಕ್ಕದ್ದು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಅಥವಾ ಅವುಗಳ ರಬ್ಬರ್ ಕಿಟ್, ಹೋಸ್, ಲೋಹದ ಪೈಪ್, ಡಿಸ್ಕ್ ಬ್ರೇಕ್ ಇದ್ದಲ್ಲಿ ಕ್ಯಾಲಿಪರ್, ಇವುಗಳಲ್ಲಿ ಯಾವುದನ್ನು ಬದಲಾಯಿಸಿದರೂ ಏರ್ ತೆಗೆಯುವುದು ಕಡ್ಡಾಯ. ಲೈನರ್ ಮಾತ್ರ ಬದಲಾಯಿಸಿ ಪೈಪ್ ಬಿಚ್ಚದೇ ಇದ್ದಲ್ಲಿ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ.

ಈ ಕ್ರಮವು ಯಾವ ವಾಹನಗಳಿಗೆ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಪಿಕಪ್ ವಾಹನಗಳು, ಸಣ್ಣ ಸರಕು ವಾಹನಗಳು ಮತ್ತು ಮಧ್ಯಮ ಗಾತ್ರದ ಕೆಲವು ಲಾರಿಗಳಲ್ಲಿ ಬ್ರೇಕ್ ಆಯಿಲಿನಿಂದ ಕೆಲಸ ಮಾಡುವ ಬ್ರೇಕುಗಳಿರುತ್ತವೆ. ಭಾರಿ ಲಾರಿಗಳಲ್ಲಿರುವ ಪೂರ್ಣ ಏರ್ ಬ್ರೇಕಿನಲ್ಲಿ ಗಾಳಿಯೇ ಕೆಲಸ ಮಾಡುವುದರಿಂದ ಅಲ್ಲಿ ಏರ್ ತೆಗೆಯುವ ಮಾತಿಲ್ಲ. ಟ್ಯಾಂಕಿನಲ್ಲಿ ಸೇರಿದ ನೀರನ್ನು ಪ್ರತಿದಿನ ಬಿಡುವುದು ಅಲ್ಲಿನ ಕೆಲಸ. ಗಾಳಿಯ ಒತ್ತಡದಿಂದ ಆಯಿಲನ್ನು ತಳ್ಳುವ ಮಿಶ್ರ ಬ್ರೇಕುಗಳೂ ಉಂಟು. ಅವುಗಳಿಗೆ ತಯಾರಕರ ಕೈಪಿಡಿಯ ಕ್ರಮವನ್ನೇ ಅನುಸರಿಸತಕ್ಕದ್ದು.

ಬ್ರೇಕ್ ಆಯಿಲ್

ಆಯಿಲ್ ಎಂಬ ಹೆಸರೇ ಹಲವು ತಪ್ಪುಗಳಿಗೆ ಕಾರಣವಾಗಿದೆ. ಬ್ರೇಕ್ ಆಯಿಲ್ ಖನಿಜ ತೈಲವಲ್ಲ. ಗ್ಲೈಕಾಲ್ ಆಧಾರಿತ ದ್ರವ. ಇಂಜಿನ್ ಆಯಿಲ್, ಸ್ಟಿಯರಿಂಗ್ ಆಯಿಲ್, ಡೀಸೆಲ್ ಅಥವಾ ಸೀಮೆಎಣ್ಣೆಯ ಅಲ್ಪಾಂಶ ಬೆರೆತರೂ ಸಿಲಿಂಡರುಗಳೊಳಗಿನ ರಬ್ಬರ್ ವಾಷರುಗಳು ಊದಿಕೊಂಡು ಹಾಳಾಗುತ್ತವೆ. ಒಮ್ಮೆ ಹೀಗಾದರೆ ಎಲ್ಲ ರಬ್ಬರ್ ಭಾಗಗಳನ್ನೂ ಬದಲಾಯಿಸದೆ ಬೇರೆ ದಾರಿಯಿಲ್ಲ. ಬಿಚ್ಚಿದ ಸಿಲಿಂಡರುಗಳನ್ನು ತೊಳೆಯಲು ಗ್ಯಾರೇಜುಗಳಲ್ಲಿ ಡೀಸೆಲ್ ಅಥವಾ ಪೆಟ್ರೋಲ್ ಬಳಸುವ ಅಭ್ಯಾಸವಿದ್ದರೆ ಅದನ್ನು ಬಿಡತಕ್ಕದ್ದು. ಹೊಸ ಬ್ರೇಕ್ ಆಯಿಲಿನಿಂದಲೇ ತೊಳೆಯುವುದು.

ಈ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ನಂತರದ ಮಿತಿ 140 ಡಿಗ್ರಿ. ಡಾಟ್ 4 ದರ್ಜೆಗೆ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದೇ ಇಳಿದಾಗ ಡ್ರಮ್ಮಿನ ಬಿಸಿ ಸಿಲಿಂಡರಿಗೆ ಇಳಿದು ಹಳೆಯ ದ್ರವ ಕುದಿಯುತ್ತದೆ. ಆವಿಯ ಗುಳ್ಳೆಗಳು ಗಾಳಿಯಂತೆಯೇ ಕುಗ್ಗುತ್ತವೆ. ಪೆಡಲ್ ನೆಲ ಮುಟ್ಟುತ್ತದೆ. ಬಿಸಿ ಆರಿದ ಮೇಲೆ ಬ್ರೇಕ್ ಪುನಃ ಸರಿಯಾಗಿಯೇ ಇರುವುದರಿಂದ, ನಡೆದದ್ದೇನೆಂಬುದು ಚಾಲಕರಿಗೆ ಕೊನೆಗೂ ತಿಳಿಯದೆ ಹೋಗಬಹುದು. ಘಾಟಿಯಲ್ಲಿ ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುವುದರ ಹಿಂದಿನ ಕಾರಣವೂ ಇದೇ ಆಗಿದೆ.

ಆದ್ದರಿಂದ ಸೀಲ್ ತೆರೆಯದ ಡಬ್ಬಿಯ ದ್ರವವನ್ನೇ ಬಳಸುವುದು. ಭಾರತೀಯ ಮಾನಕ ಐಎಸ್ 8654ರ ಗುರುತು ಮತ್ತು ಕೈಪಿಡಿಯಲ್ಲಿ ಹೇಳಿರುವ ದರ್ಜೆ ಎರಡನ್ನೂ ನೋಡಿ ಕೊಳ್ಳುವುದು. ಮುಚ್ಚಳವಿಲ್ಲದೆ ಗ್ಯಾರೇಜಿನ ಮೂಲೆಯಲ್ಲಿದ್ದ ಅರ್ಧ ಡಬ್ಬಿಯನ್ನು ಸುರಿಯಲು ಬಿಡಕೂಡದು. ಈ ದ್ರವವು ಬಣ್ಣವನ್ನು ಕೀಳುತ್ತದೆ. ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯುವುದು. ಕಣ್ಣಿಗೆ ಬೀಳದಂತೆಯೂ ಎಚ್ಚರ ವಹಿಸತಕ್ಕದ್ದು.

ಏರ್ ತೆಗೆಯುವ ವಿಧಾನ

ಈ ಕೆಲಸವನ್ನು ಅನುಭವಸ್ಥ ಮೆಕ್ಯಾನಿಕ್‌ನಿಂದಲೇ ಮಾಡಿಸತಕ್ಕದ್ದು. ಈ ಲೇಖನವನ್ನು ಸಿದ್ಧಪಡಿಸಿದವರು ವಾಣಿಜ್ಯ ಪದವೀಧರರೇ ಹೊರತು ತಾಂತ್ರಿಕರಲ್ಲ. ಆದರೆ ಪಕ್ಕದಲ್ಲಿ ನಿಂತು ನೋಡುವ ಮಾಲೀಕರಿಗೆ ಏನನ್ನು ನೋಡಬೇಕೆಂಬುದು ತಿಳಿದಿದ್ದರೆ ಅರ್ಧ ಕೆಲಸ ಸರಿಯಾಗುತ್ತದೆ ಎಂಬುದು ಕಚೇರಿಯಲ್ಲಿ ಕುಳಿತೇ ತಿಳಿದ ಸಂಗತಿ.

ಮೊದಲು ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಒಡ್ಡುವುದು. ಬರೀ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಯಾರೂ ಹೋಗಕೂಡದು. ಡ್ರಮ್ಮುಗಳೆಲ್ಲ ಸ್ವಸ್ಥಾನದಲ್ಲಿರಬೇಕು, ಡ್ರಮ್ ಬಿಚ್ಚಿರುವಾಗ ಪೆಡಲ್ ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಏರ್ ತೆಗೆಯುವ ಮುನ್ನವೇ ಬ್ರೇಕ್ ಶೂ ಮತ್ತು ಡ್ರಮ್ಮಿನ ನಡುವಿನ ಅಂತರವನ್ನು ಹೊಂದಿಸತಕ್ಕದ್ದು. ಅಂತರ ಹೆಚ್ಚಿದ್ದರೂ ಪೆಡಲ್ ಕೆಳಗೆ ಹೋಗುತ್ತದೆ. ಅದನ್ನು ಗಾಳಿಯೆಂದು ತಿಳಿದು ಡಬ್ಬಿಗಟ್ಟಲೆ ಆಯಿಲ್ ಹರಿಸಿದರೂ ಫಲ ಸಿಗದು. ವ್ಯಾಕ್ಯೂಮ್ ಬೂಸ್ಟರ್ ಇರುವ ವಾಹನದಲ್ಲಿ ಇಂಜಿನ್ ಆರಿಸಿದ ಮೇಲೆ ಪೆಡಲನ್ನು ಹಲವು ಬಾರಿ ಒತ್ತಿ ಉಳಿದ ವ್ಯಾಕ್ಯೂಮನ್ನು ಖಾಲಿ ಮಾಡುವುದು.

ಹೊಸ ಮಾಸ್ಟರ್ ಸಿಲಿಂಡರ್ ಹಾಕುವುದಾದರೆ ಅದನ್ನು ವಾಹನಕ್ಕೆ ಜೋಡಿಸುವ ಮುನ್ನವೇ ಬೆಂಚಿನ ಮೇಲೆ ವೈಸಿನಲ್ಲಿ ಹಿಡಿದು, ಆಯಿಲ್ ತುಂಬಿ, ಪಿಸ್ಟನನ್ನು ನಿಧಾನವಾಗಿ ಒತ್ತಿ ಬಿಟ್ಟು, ಒಳಗಿನ ಗಾಳಿಯನ್ನು ಕಳೆಯುವುದು ಉತ್ತಮ. ಇದನ್ನು ಬಿಟ್ಟ ಕಾರಣ ನಾಲ್ಕೂ ಚಕ್ರಗಳಲ್ಲಿ ಏರ್ ತೆಗೆದರೂ ಪೆಡಲ್ ಮೆತ್ತಗೇ ಉಳಿಯುವುದುಂಟು.

ನಂತರ ಚಕ್ರಗಳ ಸರದಿ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರವಿರುವ ಚಕ್ರದಿಂದ ಆರಂಭಿಸುವುದು ವಾಡಿಕೆ. ನಮ್ಮ ದೇಶದಲ್ಲಿ ಚಾಲಕರ ಆಸನ ಬಲಕ್ಕಿರುವುದರಿಂದ ಮೊದಲು ಎಡ ಹಿಂಬದಿ, ಆಮೇಲೆ ಬಲ ಹಿಂಬದಿ, ನಂತರ ಎಡ ಮುಂಬದಿ, ಕೊನೆಗೆ ಬಲ ಮುಂಬದಿ ಎಂಬ ಕ್ರಮ ಬರುತ್ತದೆ. ಬೂಸ್ಟರಿನ ಮೇಲೆಯೇ ಪ್ರತ್ಯೇಕ ಬ್ಲೀಡಿಂಗ್ ನಿಪ್ಪಲ್ ಇದ್ದರೆ ಅದರಿಂದ ಆರಂಭಿಸುವುದು. ತಯಾರಕರು ಬೇರೆ ಕ್ರಮ ಹೇಳಿದ್ದಲ್ಲಿ ಅದೇ ಅಂತಿಮ.

ನಿಪ್ಪಲಿನ ಸುತ್ತಲಿನ ಮಣ್ಣು ಒರೆಸಿ, ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಕೂರಿಸಿ, ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ತೊಡಿಸುವುದು. ನಳಿಕೆಯ ಇನ್ನೊಂದು ತುದಿಯು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು. ಈ ಕೆಲಸಕ್ಕೆ ಇಬ್ಬರು ಬೇಕು. ಕ್ಯಾಬಿನ್ನಿನಲ್ಲಿರುವವರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿದು “ಒತ್ತಿದೆ” ಎಂದು ಕೂಗಿ ಹೇಳಬೇಕು. ಆಗ ಕೆಳಗಿರುವವರು ನಿಪ್ಪಲನ್ನು ಸುಮಾರು ಅರ್ಧ ಸುತ್ತು ಸಡಿಲಿಸುತ್ತಾರೆ, ಗುಳ್ಳೆಗಳೊಡನೆ ಆಯಿಲ್ ಬರುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿಯಾದ ಮೇಲೆ “ಬಿಡು” ಎಂದು ಹೇಳಿದ ನಂತರವೇ ಪೆಡಲಿನಿಂದ ಕಾಲು ತೆಗೆಯುವುದು. ನಿಪ್ಪಲ್ ತೆರೆದಿರುವಾಗ ಕಾಲು ತೆಗೆದರೆ ಹೋದ ಗಾಳಿ ಮತ್ತೆ ಒಳಕ್ಕೆ ಎಳೆಯಲ್ಪಡುತ್ತದೆ. ಈ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಅದರಲ್ಲಿಯೂ ಮೇಲೆ ಕುಳಿತ ಕ್ಲೀನರ್ ಹುಡುಗನಿಗೆ ಈ ಮಾತನ್ನು ಯಾರೂ ಮೊದಲೇ ಹೇಳಿರದಿದ್ದಾಗ.

ಗುಳ್ಳೆ ಪೂರ್ತಿ ನಿಂತು ಸ್ವಚ್ಛ ಆಯಿಲ್ ಬರುವವರೆಗೆ ಇದನ್ನು ಪುನರಾವರ್ತಿಸಿ ಮುಂದಿನ ಚಕ್ರಕ್ಕೆ ಹೋಗುವುದು. ನಡುನಡುವೆ ಆಯಿಲ್ ಟ್ಯಾಂಕಿನ ಮಟ್ಟವನ್ನು ನೋಡುತ್ತಲೇ ಇರಬೇಕು. ಟ್ಯಾಂಕು ಖಾಲಿಯಾಗಿ ಗಾಳಿ ಎಳೆದರೆ ಕೆಲಸ ಮೊದಲಿನಿಂದ ಆರಂಭ. ಬಾಟಲಿಯಲ್ಲಿ ಸಂಗ್ರಹವಾದ ಆಯಿಲನ್ನು ಪುನಃ ಟ್ಯಾಂಕಿಗೆ ಸುರಿಯಕೂಡದು. ಅದು ಎಷ್ಟೇ ಸ್ವಚ್ಛವಾಗಿ ಕಂಡರೂ ಗಾಳಿ, ತೇವ ಮತ್ತು ಕೊಳೆ ಬೆರೆತಿರುತ್ತದೆ. ಕೊನೆಯಲ್ಲಿ ನಿಪ್ಪಲನ್ನು ಮಿತವಾಗಿ ಬಿಗಿಮಾಡಿ ರಬ್ಬರ್ ಟೋಪಿ ಹಾಕುವುದು. ಜಿಲ್ಲೆಯ ಕೆಂಪು ಮಣ್ಣಿನ ದೂಳಿಗೆ ಟೋಪಿಯಿಲ್ಲದ ನಿಪ್ಪಲಿನ ರಂಧ್ರ ಬಹುಬೇಗ ಕಟ್ಟಿಕೊಳ್ಳುತ್ತದೆ.

ಎರಡು ವಿಷಯಗಳು ಮೆಕ್ಯಾನಿಕ್‌ಗಳಿಗೂ ಮರೆತುಹೋಗುವುದುಂಟು. ಹಿಂಬದಿಯ ಆಕ್ಸಲ್ ಬಳಿ ಭಾರಕ್ಕೆ ತಕ್ಕಂತೆ ಬ್ರೇಕ್ ಒತ್ತಡವನ್ನು ಹೊಂದಿಸುವ ವಾಲ್ವ್ ಕೆಲವು ವಾಹನಗಳಲ್ಲಿದೆ. ಹಿಂಬದಿಯನ್ನು ಜಾಕಿನಿಂದ ಎತ್ತಿ ಚಕ್ರಗಳು ತೂಗಾಡುತ್ತಿದ್ದರೆ ಈ ವಾಲ್ವ್ ವಾಹನ ಖಾಲಿಯೆಂದು ತಿಳಿದು ಹಿಂಬದಿಯ ಒತ್ತಡವನ್ನು ತಗ್ಗಿಸುತ್ತದೆ, ಏರ್ ಸರಿಯಾಗಿ ಹೊರಬರುವುದಿಲ್ಲ. ಅಂತಹ ವಾಹನಗಳಲ್ಲಿ ಚಕ್ರ ನೆಲದ ಮೇಲಿದ್ದಾಗಲೇ ಕೆಲಸ ಮಾಡುವುದು. ಎರಡನೆಯದು, ಎಬಿಎಸ್ ಇರುವ ವಾಹನಗಳು. ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಅದನ್ನು ಹೊರಹಾಕಲು ಕಂಪ್ಯೂಟರ್ ಉಪಕರಣ ಬೇಕಾಗಬಹುದು. ಇಂತಹ ವಾಹನವನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯುವುದು ಸೂಕ್ತ.

ತಪಾಸಣೆಗೆ ಬರುವ ಮುನ್ನ ಮಾಲೀಕರೇ ಮಾಡಬಹುದಾದ ಪರೀಕ್ಷೆ

ಇಂಜಿನ್ ಆರಿಸಿ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ, ಬಲವಾಗಿ ಒಂದು ನಿಮಿಷ ಹಿಡಿಯುವುದು. ಪೆಡಲ್ ನಿಧಾನವಾಗಿ ಕೆಳಗೆ ಜಾರಿದರೆ ಎಲ್ಲಿಯೋ ಸೋರಿಕೆಯಿದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ವಾಷರ್ ಒತ್ತಡವನ್ನು ತಡೆಯುತ್ತಿಲ್ಲ. ಏರ್ ತೆಗೆದು ಇದು ಸರಿಹೋಗದು. ವ್ಯಾಕ್ಯೂಮ್ ಬೂಸ್ಟರ್ ಇರುವ ವಾಹನದಲ್ಲಿ ಹಾಗೆಯೇ ಒತ್ತಿಹಿಡಿದು ಇಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಇಳಿದು ನಿಲ್ಲಬೇಕು. ಇಳಿಯದಿದ್ದರೆ ಬೂಸ್ಟರಿನ ದೋಷ. ನಂತರ ಇನ್ನೊಬ್ಬರು ಪೆಡಲ್ ಒತ್ತಿಹಿಡಿದಿರುವಾಗ ಪ್ರತಿ ಚಕ್ರದ ಒಳಬದಿ, ಹೋಸಿನ ಎರಡೂ ತುದಿ, ಪೈಪಿನ ಜೋಡಣೆಗಳನ್ನು ಬೆಳಕು ಹಿಡಿದು ನೋಡುವುದು. ಹೋಸ್ ಉಬ್ಬಿದರೆ ಅಥವಾ ಬಿರುಕು ಕಂಡರೆ ಬದಲಾಯಿಸುವುದು. ಲೈನರಿಗೆ ಆಯಿಲ್ ತಗುಲಿದ್ದರೆ ಒರೆಸಿ ಉಪಯೋಗವಿಲ್ಲ. ಆ ಆಕ್ಸಲಿನ ಎರಡೂ ಬದಿಯ ಲೈನರ್ ಬದಲಾಯಿಸತಕ್ಕದ್ದು. ಒಂದೇ ಬದಿ ಹೊಸದಾದರೆ ವಾಹನ ಒಂದು ಕಡೆಗೆ ಎಳೆಯುತ್ತದೆ.

ಬಳಿಕ ಜನಸಂಚಾರವಿಲ್ಲದ ಖಾಲಿ ಜಾಗದಲ್ಲಿ ಅತಿ ನಿಧಾನ ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟುಕೊಂಡು ಪರೀಕ್ಷಿಸುವುದು. ರಿಪೇರಿಯಾದ ವಾಹನವನ್ನು ಗ್ಯಾರೇಜಿನಿಂದ ನೇರವಾಗಿ ಹೆದ್ದಾರಿಗೆ ತರಕೂಡದು. ಈಗಿನ ವಾಹನಗಳಲ್ಲಿ ಬ್ರೇಕಿನ ದ್ರವ ಮಾರ್ಗ ಎರಡು ಭಾಗವಾಗಿರುವುದರಿಂದ ಒಂದು ಭಾಗ ಕೆಟ್ಟರೂ ಇನ್ನೊಂದು ಸ್ವಲ್ಪಮಟ್ಟಿಗೆ ಹಿಡಿಯುತ್ತದೆ. ಆ ಸ್ವಲ್ಪವನ್ನೇ ಸಾಕೆಂದು ತಿಳಿದು ಓಡಿಸುವವರೂ ಇದ್ದಾರೆ. ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ ವಾಹನವನ್ನು ಚಲಾಯಿಸಕೂಡದು.

ಶ್ರೀನಿವಾಸಪುರ ಕಡೆಯ ಅರ್ಜಿದಾರರೊಬ್ಬರು ಮಾವಿನ ಸುಗ್ಗಿಯಲ್ಲಿ ತಮ್ಮ ಪಿಕಪ್ ವಾಹನವನ್ನು ಹೀಗೆಯೇ ಹಿಂದಿನ ರಾತ್ರಿ ವೀಲ್ ಸಿಲಿಂಡರ್ ಹಾಕಿಸಿ ತಪಾಸಣೆಗೆ ತಂದಿದ್ದರು. ಪೆಡಲ್ ಮೆತ್ತಗಿತ್ತು. ಮರಳಿ ಹೋಗಿ ಮತ್ತಷ್ಟು ಆಯಿಲ್ ಹರಿಸಿಕೊಂಡು ಬಂದರು, ಆಗಲೂ ಹಾಗೆಯೇ. ಮೂರನೆಯ ಬಾರಿ ಬೇರೊಬ್ಬ ಮೆಕ್ಯಾನಿಕ್ ನೋಡಿದಾಗ, ಹಿಂಬದಿಯ ಬ್ರೇಕ್ ಶೂಗಳ ಅಂತರವನ್ನೇ ಹೊಂದಿಸಿರಲಿಲ್ಲವೆಂದು ತಿಳಿಯಿತು. ಅದು ಅಲ್ಪ ಸಮಯದ ಕೆಲಸ. ಅಷ್ಟರಲ್ಲಿ ಅವರಿಗೆ ಸುಗ್ಗಿಯ ಬಾಡಿಗೆ ಹಲವು ದಿನ ತಪ್ಪಿತ್ತು, ಸಾಲದ ಕಂತಿನ ದಿನಾಂಕವೂ ಬಂದಿತ್ತು. ತಪಾಸಣೆಯಲ್ಲಿ ಕಟ್ಟುನಿಟ್ಟು ಮಾಡಿದ್ದರಿಂದಲೇ ಹೀಗಾಯಿತೆಂದು ಅವರು ಬೇಸರಪಟ್ಟದ್ದು ಸಹಜ. ಆದರೆ ಅವರ ಮುಂದಿನ ಬಾಡಿಗೆ ಚಿತ್ತೂರು ಕಡೆಗಿತ್ತು.

ಅರ್ಜಿ ಮತ್ತು ಮರುತಪಾಸಣೆ

ನವೀಕರಣದ ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲಿ ಸಲ್ಲಿಸತಕ್ಕದ್ದು. ವಾಹನದ ವರ್ಗ ಹಾಗೂ ವಯಸ್ಸಿಗೆ ತಕ್ಕ ಶುಲ್ಕವನ್ನು ಅರ್ಜಿಯೇ ತೋರಿಸುತ್ತದೆ. ನೋಂದಣಿ ಪತ್ರ, ವಿಮೆ, ತೆರಿಗೆ ಪಾವತಿ, ಹೊಗೆ ತಪಾಸಣಾ ಪತ್ರ ಮತ್ತು ಅನ್ವಯವಾಗುವಲ್ಲಿ ಪರ್ಮಿಟ್ ಚಾಲ್ತಿಯಲ್ಲಿರುವುದನ್ನು ಮೊದಲೇ ನೋಡಿಕೊಳ್ಳುವುದು. ಅವಧಿ ಮುಗಿಯುವ ಕೊನೆಯ ದಿನದವರೆಗೆ ಕಾಯದೆ, ರಿಪೇರಿ ಅಗತ್ಯವಾದರೆ ಮಾಡಿಸಲು ಒಂದೆರಡು ವಾರ ಉಳಿಯುವಂತೆ ದಿನಾಂಕ ಪಡೆಯುವುದು ಲೇಸು.

ವಾಹನಕ್ಕೆ ಸ್ವಯಂಚಾಲಿತ ಪರೀಕ್ಷಾ ಕೇಂದ್ರ ನಿಗದಿಯಾಗಿದ್ದಲ್ಲಿ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಪ್ರತಿ ಚಕ್ರದ ಬ್ರೇಕ್ ಬಲವನ್ನು ಯಂತ್ರವು ಬೇರೆ ಬೇರೆಯಾಗಿ ಅಳೆಯುತ್ತದೆ. ಒಂದು ಚಕ್ರದಲ್ಲಿ ಉಳಿದ ಗಾಳಿಯಿಂದ ಎಡಬಲಗಳ ನಡುವೆ ಬರುವ ವ್ಯತ್ಯಾಸವೂ ಅಲ್ಲಿ ಕಾಣುತ್ತದೆ; ಪೆಡಲ್ ಪಂಪ್ ಮಾಡಿ ಅದನ್ನು ಮರೆಮಾಚಲಾಗದು.

ವಾಹನವನ್ನು ಅನರ್ಹವೆಂದು ಹಿಂದಿರುಗಿಸಿದಲ್ಲಿ ಅರ್ಜಿದಾರರು ದೋಷಗಳ ವಿವರವನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದು ಮತ್ತು ಅದನ್ನೇ ಮೆಕ್ಯಾನಿಕ್‌ಗೆ ತೋರಿಸುವುದು. “ಬ್ರೇಕ್ ಸರಿಯಿಲ್ಲ ಅಂದರು” ಎಂಬ ಬಾಯಿಮಾತಿನಿಂದ ದೋಷ ಯಾವ ಚಕ್ರದಲ್ಲಿದೆ ಎಂಬುದು ತಿಳಿಯದು. ಹಾಕಿಸಿದ ಭಾಗಗಳ ಬಿಲ್ಲನ್ನು ಇಟ್ಟುಕೊಳ್ಳುವುದು. ತಪಾಸಣೆಯಲ್ಲಿ ಪಾಸು ಮಾಡಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ಕೊಡಕೂಡದು. ದೋಷಯುಕ್ತ ವಾಹನ ಚಲಾಯಿಸುವುದು ಅಧಿನಿಯಮದ ಪ್ರಕರಣ 190ರಡಿ ದಂಡನೀಯ ಅಪರಾಧವಾಗಿದ್ದು, ಅರ್ಹತಾ ಪತ್ರ ಹೊಂದಿದ ಮಾತ್ರಕ್ಕೆ ಆ ಹೊಣೆಯಿಂದ ವಿನಾಯಿತಿ ದೊರೆಯುವುದಿಲ್ಲ.

ಮರುತಪಾಸಣೆಗೆ ಬರುವಾಗ ವಾಹನವನ್ನು ಖಾಲಿಯಾಗಿ, ತೊಳೆದ ಸ್ಥಿತಿಯಲ್ಲಿ, ಬ್ರೇಕ್ ಆಯಿಲ್ ಟ್ಯಾಂಕಿನ ಮಟ್ಟ ಸರಿಯಿರುವಂತೆ ತರತಕ್ಕದ್ದು. ಚಕ್ರಗಳ ಒಳಬದಿಯಲ್ಲಿ ಏರ್ ತೆಗೆಯುವಾಗ ಚೆಲ್ಲಿದ ಆಯಿಲ್ ಉಳಿದಿದ್ದರೆ ಒರೆಸಿಕೊಂಡು ಬರುವುದು; ಇಲ್ಲದಿದ್ದಲ್ಲಿ ಅದು ಹಳೆಯದೋ ಹೊಸ ಸೋರಿಕೆಯೋ ಎಂಬುದನ್ನು ನಿರ್ಧರಿಸಲಾಗದೆ ಮತ್ತೊಮ್ಮೆ ಹಿಂದಿರುಗಬೇಕಾದೀತು.